ಮುನ್ನೂರು ಪುಟದ ಆಟಕ್ಕೆ ಎರಡು ಪುಟ ಸಾಕು

ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಆಟದ ಹೆಸರು ನಮ್ಮಲ್ಲಿ ಹಲವರಿಗೆ 'ಸ್ಟ್ರೇಂಜರ್ ಥಿಂಗ್ಸ್' ಧಾರಾವಾಹಿಯಿಂದ ಗೊತ್ತು. ಆಡುವ ಕ್ರಮ ಕಷ್ಟವೇನಲ್ಲ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಆ ಕಥೆಯೊಳಗೆ ಒಂದೊಂದು ಪಾತ್ರವಾಗುತ್ತಾರೆ. "ಮುಂದೆ ಮುರಿದ ಸೇತುವೆ ಇದೆ, ಆಚೆ ದಡದಲ್ಲಿ ಯಾರೋ ಕೂಗುತ್ತಿದ್ದಾರೆ, ಏನು ಮಾಡುತ್ತೀರಿ?" ಎಂದು ಕಥೆ ನಡೆಸುವವರು ಕೇಳಿದರೆ ಆಟಗಾರರು ಬಾಯಲ್ಲೇ ಉತ್ತರ ಹೇಳುತ್ತಾರೆ. ಹೇಳಿದ ಕೆಲಸ ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಾಗ ಮಾತ್ರ ದಾಳ ಉರುಳಿಸುತ್ತಾರೆ. ಇದಕ್ಕೆ ಫೋನ್ ಬೇಡ, ಕರೆಂಟ್ ಬೇಡ.

ಬೇಕಾದದ್ದು ಪುಸ್ತಕ. 2014ರಲ್ಲಿ ಬಂದ ಐದನೇ ಆವೃತ್ತಿಯಲ್ಲಿ ಆಟಗಾರರ ಪುಸ್ತಕವೊಂದೇ 300 ಪುಟ ದಾಟುತ್ತದೆ. ಕಥೆ ನಡೆಸುವವರಿಗೆ ಒಂದು, ರಾಕ್ಷಸರ ವಿವರಕ್ಕೆ ಇನ್ನೊಂದು ಪುಸ್ತಕ ಬೇರೆ. ಹಾಗಾಗಿ ಇದನ್ನು ಸರಳ ಮಾಡಿಕೊಂಡು ಆಡೋಣ ಎಂಬ ಮಾತು ನಮ್ಮ ತರಗತಿಯಲ್ಲಿ ನಡೆಯುತ್ತಿದೆ. ಸರಳ ಮಾಡಿದರೆ ಅದು ಮಕ್ಕಳಾಟ ಆಗುತ್ತದೆ ಎನ್ನುವವರೂ ಇದ್ದಾರೆ. ಸರಳ ಮಾಡಲೇಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಏನನ್ನು ತೆಗೆಯಬೇಕು, ಏನನ್ನು ಉಳಿಸಬೇಕು ಎಂಬುದು ಮೊದಲು ತೀರ್ಮಾನವಾಗಬೇಕು.

ಮಕ್ಕಳಾಟ ಎನ್ನುವವರು ಈ ಆಟದ ಚರಿತ್ರೆಯನ್ನೇ ನೋಡಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಇದನ್ನು ಮೂರು ಸಣ್ಣ ಕೈಪಿಡಿಗಳಾಗಿ ಹೊರತಂದರು. ಯುದ್ಧದ ಆಟಗಳನ್ನು ಮೊದಲೇ ಆಡಿ ಗೊತ್ತಿದ್ದವರಿಗಾಗಿ ಬರೆದಂತಿದ್ದ ಆ ಕೈಪಿಡಿಗಳು ಹೊಸಬರಿಗೆ ಅರ್ಥವಾಗುತ್ತಿರಲಿಲ್ಲ. ಎರಿಕ್ ಹೋಮ್ಸ್ ಎಂಬ ನರವಿಜ್ಞಾನದ ಪ್ರಾಧ್ಯಾಪಕರು ತಾವೇ ಮುಂದೆ ಬಂದು, ಆಟದ ಮೊದಲ ಮೂರು ಹಂತಗಳಿಗೆ ಮಾತ್ರ ಒಂದು ಪುಸ್ತಕ ಸಿದ್ಧಪಡಿಸಿದರು. ಅದು 1977ರ ಬೇಸಿಕ್ ಸೆಟ್. 1981ರಲ್ಲಿ ಟಾಮ್ ಮೋಲ್ಡ್ವೆ, 1983ರಲ್ಲಿ ಫ್ರಾಂಕ್ ಮೆಂಟ್ಸರ್ ಅದನ್ನು ಮತ್ತೆ ತಿದ್ದಿ ಬರೆದರು. ಸರಳ ಮಾಡುವ ಕೆಲಸವನ್ನು ಆಟದ ಕಂಪನಿಯೇ ಮತ್ತೆ ಮತ್ತೆ ಮಾಡಿಸಿದೆ.

ನನಗೆ ಹೆಚ್ಚು ಇಷ್ಟವಾಗುವುದು ಕೆನ್ ಸೇಂಟ್ ಆಂಡ್ರೆ ಅವರ ದಾರಿ. ಅರಿಜೋನಾದ ಫೀನಿಕ್ಸ್ ನಗರದ ಅವರಿಗೆ ಈ ಆಟದ ಕಲ್ಪನೆ ಹಿಡಿಸಿತು, ನಿಯಮಗಳು ಹಿಡಿಸಲಿಲ್ಲ. ಹಾಗಾಗಿ 1975ರಲ್ಲಿ 'ಟನಲ್ಸ್ ಅಂಡ್ ಟ್ರೋಲ್ಸ್' ಎಂಬ ತಮ್ಮದೇ ಆಟ ಬರೆದರು. ಮೂಲ ಆಟಕ್ಕೆ ನಾಲ್ಕು, ಎಂಟು, ಹನ್ನೆರಡು, ಇಪ್ಪತ್ತು ಮುಖದ ವಿಚಿತ್ರ ದಾಳಗಳು ಬೇಕಿದ್ದವು. ಅವರ ಆಟಕ್ಕೆ ಎಲ್ಲರ ಮನೆಯಲ್ಲೂ ಸಿಗುವ ಆರು ಮುಖದ ದಾಳ ಸಾಕಾಯಿತು. ಸಿಗುವುದರಲ್ಲೇ ಆಟ ಕಟ್ಟುವುದನ್ನು ಅವರಿಂದ ಕಲಿಯಬಹುದು.

ಹಾಗಾದರೆ ತೆಗೆಯುವುದು ಏನನ್ನು? ಲೆಕ್ಕವನ್ನು, ಕೋಷ್ಟಕಗಳನ್ನು, ಪುಟ ತಿರುವಿ ಹುಡುಕುವ ಕೆಲಸವನ್ನು. ಆಟಗಾರರ ಆಯ್ಕೆಯನ್ನು ಮಾತ್ರ ತೆಗೆಯಬಾರದು. "ಬಾಗಿಲು ಒಡೆಯಿರಿ" ಎಂದು ಹಾಳೆಯೇ ಹೇಳಿಬಿಟ್ಟರೆ ಅದು ಆಟವಲ್ಲ, ಪಾಠ. ಒಡೆಯಬಹುದು, ಬೀಗ ತೆಗೆಯಬಹುದು, ಕಾವಲುಗಾರನ ಜೊತೆ ಮಾತಾಡಬಹುದು, ವಾಪಸ್ ಹೋಗಬಹುದು. ಮಾಡಿದ ಆಯ್ಕೆಗೆ ಫಲವೂ ಇರಬೇಕು, ನಷ್ಟವೂ ಇರಬೇಕು. ಕಾಮರ್ಸ್‌ನವರಿಗೆ ಅರ್ಥವಾಗುವಂತೆ ಹೇಳುವುದಾದರೆ, ಜರ್ನಲ್‌ನಲ್ಲಿ ವಿವರಣೆಯನ್ನು ಚಿಕ್ಕದಾಗಿ ಬರೆಯಬಹುದು, ಡೆಬಿಟ್ ಬರೆದು ಕ್ರೆಡಿಟ್ ಬಿಡುವಂತಿಲ್ಲ.

ನನ್ನ ಪ್ರಕಾರ ಎರಡು ಪುಟದ ಹಾಳೆ ಹೀಗಿರಬಹುದು. ಮೂಲದಲ್ಲಿ ಪ್ರತಿ ಪಾತ್ರಕ್ಕೆ ಆರು ಸಾಮರ್ಥ್ಯಗಳಿವೆ. ನಮಗೆ ಬಲ, ಚುರುಕು, ಬುದ್ಧಿ ಎಂಬ ಮೂರು ಸಾಕು. ಒಂದಕ್ಕೆ 3, ಇನ್ನೊಂದಕ್ಕೆ 1, ಉಳಿದದ್ದಕ್ಕೆ 0 ಅಂಕ. ಯಾವುದಕ್ಕೆ ಎಷ್ಟು ಎಂಬುದು ಆಟಗಾರರ ಇಷ್ಟ. 1ರಿಂದ 20ರ ವರೆಗೆ ಬರೆದ ಚೀಟಿಗಳಲ್ಲಿ ಒಂದನ್ನು ಎತ್ತಿ ಆ ಅಂಕ ಸೇರಿಸಬೇಕು. ಸುಲಭದ ಕೆಲಸಕ್ಕೆ ಒಟ್ಟು 8, ಸಾಧಾರಣ ಕೆಲಸಕ್ಕೆ 12, ಕಷ್ಟದ್ದಕ್ಕೆ 16 ಬಂದರೆ ಗೆಲುವು. 12 ಬೇಕಾದಾಗ ಅಂಕವಿಲ್ಲದವರಿಗೆ ಗೆಲುವಿನ ಸಾಧ್ಯತೆ ಶೇ. 45, ಅಂಕ 3 ಇದ್ದವರಿಗೆ ಶೇ. 60. ಎತ್ತಿದ ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕಲೇಬೇಕು. ಹಾಕದಿದ್ದರೆ ಮುಂದಿನವರ ಸಾಧ್ಯತೆ ಬದಲಾಗುತ್ತದೆ.

ಚೀಟಿ ಏಕೆ, ದಾಳವೇ ಇರಲಿ ಎನ್ನಬಹುದು. ದಾಳ ಕಂಡರೆ ನಮ್ಮ ಮನೆಗಳಲ್ಲಿ ದಾದಿ ಕೇಳುವ ಮೊದಲ ಪ್ರಶ್ನೆ, "ಇದು ಜೂಜಾ?" ಎಂದು. ಇಲ್ಲಿ ಪಣವಿಲ್ಲ, ದುಡ್ಡಿಲ್ಲ. ಆದರೂ ದಾಳವೇ ಬೇಡ ಎನ್ನುವ ಹಿರಿಯರಿದ್ದಾರೆ. ಅವರ ಮಾತಿಗೆ ಬೆಲೆ ಕೊಟ್ಟೂ ಆಡಬಹುದು. 1979ರ ಸುಮಾರಿಗೆ ದಾಳಗಳ ಕೊರತೆ ಬಿದ್ದಾಗ ಕಂಪನಿಯೇ ಬೇಸಿಕ್ ಸೆಟ್‌ನಲ್ಲಿ ದಾಳದ ಬದಲು ಅಂಕಿ ಬರೆದ ಚೀಟಿಗಳನ್ನು ಇಟ್ಟು ಮಾರಿತ್ತು. ಆದ್ದರಿಂದ ಚೀಟಿ ಕೀಳಲ್ಲ, ಖರ್ಚೂ ಇಲ್ಲ.

ಇದಕ್ಕಿಂತ ದೊಡ್ಡ ವಿಷಯ ಭಾಷೆ. ಇದು ಮಾತಿನ ಆಟ. ಇಂಗ್ಲಿಷ್ ಪುಸ್ತಕ ಇಟ್ಟು ಆಡಿದರೆ ಇಂಗ್ಲಿಷ್ ಚೆನ್ನಾಗಿ ಬರುವ ಇಬ್ಬರು ಮಾತಾಡುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಕನ್ನಡ ಮಾಧ್ಯಮದಿಂದ, ಉರ್ದು ಶಾಲೆಯಿಂದ ಬಂದವರಲ್ಲಿ ಕಥೆ ಹೇಳುವ ಗಟ್ಟಿಗರು ಎಷ್ಟೋ ಜನ ಇದ್ದಾರೆ. ಹಾಳೆ ಕನ್ನಡದಲ್ಲಿರಲಿ, ಮಾತು ಯಾರಿಗೆ ಹೇಗೆ ಬರುತ್ತದೋ ಹಾಗಿರಲಿ. ಪಾತ್ರಗಳಿಗೂ ದೂರ ಹೋಗಬೇಕಿಲ್ಲ. ಉರ್ದುವಿನ ಅಮೀರ್ ಹಂಜಾ ದಾಸ್ತಾನ್‌ನಲ್ಲಿ ಮಾಯೆಯಿಂದ ಕಟ್ಟಿದ ತಿಲಿಸ್ಮ್‌ಗಳಿವೆ, ಏನು ಹಾಕಿದರೂ ತುಂಬದ ಜಂಬೀಲ್ ಚೀಲ ಹೊತ್ತ ಅಮರ್ ಅಯ್ಯಾರ್ ಇದ್ದಾನೆ. ಡಂಜನ್‌ಗೆ ತಿಲಿಸ್ಮ್‌ಗಿಂತ ಒಳ್ಳೆಯ ಹೆಸರು ನನಗಂತೂ ಹೊಳೆಯುತ್ತಿಲ್ಲ.

ಒಂದು ಆಕ್ಷೇಪವನ್ನು ಮಾತ್ರ ಒಪ್ಪಬೇಕು. ನಿಯಮ ಕಡಿಮೆಯಾದಷ್ಟೂ ಕಥೆ ನಡೆಸುವವರ ಕೈ ಮೇಲಾಗುತ್ತದೆ. ತಮ್ಮ ಗೆಳೆಯನಿಗೆ 8, ಬೇರೆಯವರಿಗೆ 16 ಎಂದರೆ ಕೇಳುವವರು ಯಾರು? ಅದಕ್ಕೆ ಹಾಳೆಯಲ್ಲಿ ಎರಡು ಸಾಲು ಕಡ್ಡಾಯವಾಗಿರಬೇಕು. ಎಷ್ಟು ಬೇಕು ಎಂಬುದನ್ನು ಚೀಟಿ ಎತ್ತುವ ಮೊದಲೇ ಎಲ್ಲರ ಮುಂದೆ ಹೇಳಬೇಕು. ಪ್ರತಿ ಆಟಕ್ಕೂ ಕಥೆ ನಡೆಸುವವರು ಬದಲಾಗಬೇಕು.

ಕಾನೂನಿನ ತೊಂದರೆಯೂ ಇಲ್ಲ. ಐದನೇ ಆವೃತ್ತಿಯ ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ಕಂಪನಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದೆ. ಮೂಲ ಯಾವುದು ಎಂದು ತಿಳಿಸಿ ಯಾರು ಬೇಕಾದರೂ ಅದನ್ನು ಬಳಸಬಹುದು, ಬದಲಿಸಬಹುದು, ಅನುವಾದಿಸಬಹುದು. ನಮ್ಮ ಆಟಕ್ಕೆ ಕಂಪನಿಯ ಆಟದ ಹೆಸರು ಇಡುವಂತಿಲ್ಲ, ಅಷ್ಟೇ.

ಉಪನ್ಯಾಸಕರಲ್ಲಿ ನನ್ನ ವಿನಂತಿ: ಶನಿವಾರ ಒಂದು ಪಿರಿಯಡ್ ಮತ್ತು ಒಂದು ಖಾಲಿ ಕೊಠಡಿ ಕೊಡಿ. ಗೆಳೆಯ ಗೆಳತಿಯರಲ್ಲಿ ಕೇಳುವುದಿಷ್ಟು: ಹಾಳೆ ಬರೆದ ಮೇಲೆ ಅದನ್ನು ಈ ಆಟದ ಹೆಸರೇ ಕೇಳದವರ ಕೈಗೆ ಕೊಡೋಣ, ಪಕ್ಕದಲ್ಲಿ ನಿಂತು ವಿವರಿಸುವುದು ಬೇಡ. ಹದಿನೈದು ನಿಮಿಷದೊಳಗೆ ಅವರು ಮೊದಲ ಚೀಟಿ ಎತ್ತದಿದ್ದರೆ ಹಾಳೆಯನ್ನು ತಿದ್ದೋಣ.