ಎರಡೂವರೆ ಮಿಲಿಮೀಟರಿನ ಲೆಕ್ಕ

ಲೆಕ್ಕಪರಿಶೋಧಕನಾದವನು ಎಂಜಿನ್ನಿನ ಒಳಗನ್ನು ಕುರಿತು ಬರೆಯಹೊರಟರೆ ವಾಚಕರು ಹುಬ್ಬೇರಿಸುವುದು ಸಹಜ. ಆದರೆ ಕಳೆದ ಆರ್ಥಿಕ ವರ್ಷದ ಲೆಕ್ಕಪತ್ರಗಳನ್ನು ಅಂತಿಮಗೊಳಿಸುವಾಗ, ರಾಬರ್ಟ್‌ಸನ್‌ಪೇಟೆಯಲ್ಲಿ ಸಣ್ಣ ವರ್ಕ್‌ಶಾಪ್ ನಡೆಸುತ್ತಿರುವ ನನ್ನ ಕಕ್ಷಿದಾರರೊಬ್ಬರ ಪುಸ್ತಕದಲ್ಲಿ 'ಗ್ರಾಹಕರಿಗೆ ಪರಿಹಾರ' ಎಂಬ ಬಾಬ್ತೊಂದು ಕಣ್ಣಿಗೆ ಬಿತ್ತು. ಮೊತ್ತ ಅವರ ಮಳಿಗೆಯ ಮೂರು ತಿಂಗಳ ಬಾಡಿಗೆಗೆ ಸಮನಾಗಿತ್ತು. ವಿಚಾರಿಸಿದಾಗ ತಿಳಿದುಬಂದ ಸಂಗತಿಯೇ ಈ ಲೇಖನಕ್ಕೆ ಕಾರಣ.

ಸ್ಪರ್ಧೆಗೆ ಸಿದ್ಧವಾಗುತ್ತಿದ್ದ ಯುವಕನೊಬ್ಬ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೆಚ್ಚು ಎತ್ತರದ ಕ್ಯಾಮ್‌ಶಾಫ್ಟ್ ತಂದು, ತನ್ನ ಮೋಟಾರ್ ಸೈಕಲ್ಲಿಗೆ ಜೋಡಿಸಲು ಕೊಟ್ಟಿದ್ದ. ಜೋಡಿಸಿದ್ದಾಯಿತು. ಮೊದಲ ವೇಗದ ಓಟದಲ್ಲೇ ಎಕ್ಸಾಸ್ಟ್ ವಾಲ್ವು ಪಿಸ್ಟನ್ನಿಗೆ ಬಡಿದು ಬಾಗಿತು. ಪಿಸ್ಟನ್ನಿನ ತಲೆ ಒಡೆಯಿತು, ಸಿಲಿಂಡರಿಗೆ ಗೀರು ಬಿದ್ದಿತು. "ಆಡಿಟರ್ ಸಾರ್, ಮುಚ್ಚುವ ಮೊದಲು ಕೈಯಲ್ಲಿ ತಿರುಗಿಸಿ ನೋಡಿದ್ದೆ, ಎಲ್ಲಿಯೂ ತಗಲಲಿಲ್ಲ" ಎಂದರು ಮಾಲೀಕರು. ಅವರ ಮಾತು ಸುಳ್ಳಲ್ಲ. ಆದರೆ ಕೈಯಲ್ಲಿ ತಗಲದಿರುವುದು ಬೇರೆ, ಸಾಕಷ್ಟು ಅಂತರವಿರುವುದು ಬೇರೆ.

ತಿಳಿದವರಿಂದ ಕೇಳಿ ಅರಿತುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ. ವಾಲ್ವು ಪೂರ್ತಿ ತೆರೆದಿರುವಾಗ ಅಪಾಯ ಹೆಚ್ಚು ಎಂದು ನಾನೂ ಭಾವಿಸಿದ್ದೆ, ಅದು ತಪ್ಪು. ಆಗ ಪಿಸ್ಟನ್ ಬಹಳ ಕೆಳಗಿರುತ್ತದೆ. ಎಕ್ಸಾಸ್ಟ್ ಹೊಡೆತ ಮುಗಿದು ಇನ್‌ಟೇಕ್ ಹೊಡೆತ ಆರಂಭವಾಗುವ ಹೊತ್ತಿನಲ್ಲಿ ಪಿಸ್ಟನ್ ತುತ್ತತುದಿಗೆ ಬರುತ್ತದೆ, ಎರಡೂ ವಾಲ್ವುಗಳು ಸ್ವಲ್ಪ ಸ್ವಲ್ಪ ತೆರೆದಿರುತ್ತವೆ. ತುದಿ ತಲಪುವ ಸುಮಾರು 10 ಡಿಗ್ರಿ ಮೊದಲು ಎಕ್ಸಾಸ್ಟ್ ವಾಲ್ವನ್ನು ಪಿಸ್ಟನ್ ಬೆನ್ನಟ್ಟುತ್ತದೆ; ತುದಿ ದಾಟಿದ ಸುಮಾರು 10 ಡಿಗ್ರಿಗೆ ಇನ್‌ಟೇಕ್ ವಾಲ್ವು ಪಿಸ್ಟನ್ನನ್ನು ಬೆನ್ನಟ್ಟುತ್ತದೆ. ಹೊಸ ಕ್ಯಾಮ್ ಒಂದನ್ನು ಬೇಗ ತೆರೆದು ಇನ್ನೊಂದನ್ನು ತಡವಾಗಿ ಮುಚ್ಚುವುದರಿಂದ ಈ ಸಂಧಿಕಾಲದಲ್ಲೇ ಅಂತರ ಕರಗುತ್ತದೆ. ಹೆಡ್ಡನ್ನು ಉಜ್ಜಿಸಿದ್ದರೆ ಅಥವಾ ತೆಳು ಗ್ಯಾಸ್ಕೆಟ್ ಹಾಕಿದ್ದರೆ ಇನ್ನೂ ಕಡಿಮೆ.

ರೂಢಿಯಲ್ಲಿರುವ ಕನಿಷ್ಠ ಅಂತರ ಇನ್‌ಟೇಕಿಗೆ ಸುಮಾರು 2 ಮಿಲಿಮೀಟರ್, ಎಕ್ಸಾಸ್ಟಿಗೆ 2.5 ಮಿಲಿಮೀಟರ್, ಕ್ಯಾಮ್ ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಪ್ರಮಾಣ. ಎಕ್ಸಾಸ್ಟಿಗೆ ಹೆಚ್ಚು ಬೇಕಾಗಲು ಕಾರಣವುಂಟು: ಆ ವಾಲ್ವು ಕಾದು ಉದ್ದವಾಗುತ್ತದೆ, ಅತಿವೇಗದಲ್ಲಿ ಸ್ಪ್ರಿಂಗ್ ಸೋತರೆ ಮುಚ್ಚಿಕೊಳ್ಳುವುದೂ ತಡವಾಗುತ್ತದೆ. ಕೈಯಲ್ಲಿ ತಿರುಗಿಸುವಾಗ ಇವಾವುವೂ ಕಾಣವು.

ಅಳೆಯುವ ವಿಧಾನವಾದರೋ ಮಕ್ಕಳ ಆಟದಂತಿದೆ. ಮಕ್ಕಳು ಗೊಂಬೆ ಮಾಡುವ ಕ್ಲೇಯನ್ನು ಪಿಸ್ಟನ್ನಿನ ತಲೆಯ ಮೇಲೆ ವಾಲ್ವು ಬರುವ ಜಾಗದಲ್ಲಿ ಇಟ್ಟು, ಅಂಟದಂತೆ ವಾಲ್ವಿಗೆ ಎಣ್ಣೆ ಸವರಿ, ಹಾಕಲಿರುವಷ್ಟೇ ದಪ್ಪದ ಗ್ಯಾಸ್ಕೆಟ್ಟಿನೊಡನೆ ಹೆಡ್ಡನ್ನು ಬಿಗಿದು, ಟೈಮಿಂಗ್ ಮತ್ತು ಟ್ಯಾಪೆಟ್ ಸರಿಪಡಿಸಿ, ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ನಡುವೆ ತಡೆದರೆ ಒತ್ತಾಯಿಸಬಾರದು. ಅನಂತರ ಬಿಚ್ಚಿ, ಕ್ಲೇಯನ್ನು ಕತ್ತರಿಸಿ, ಅತಿ ತೆಳುವಾದ ಭಾಗವನ್ನು ವರ್ನಿಯರಿನಿಂದ ಅಳೆದರಾಯಿತು. ಕ್ಲೇಯ ಬೆಲೆ ನಗಣ್ಯ. ಆದರೆ ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸಲು ಅರ್ಧ ದಿನ ಬೇಕು. ಆ ಅರ್ಧ ದಿನದ ಕೂಲಿ ಬಿಲ್ಲಿನಲ್ಲಿ ಎಲ್ಲಿಯೂ ಇಲ್ಲ. ಆದ್ದರಿಂದ ಕೆಲಸವೂ ಇಲ್ಲ.

ನನ್ನ ತಕರಾರು ಇರುವುದು ಇಲ್ಲಿ. ನಮ್ಮ ಸಣ್ಣ ಉದ್ದಿಮೆದಾರರು ಬಿಡಿಭಾಗಕ್ಕೆ ಬೆಲೆ ಬರೆಯುತ್ತಾರೆ, ಜೋಡಣೆಗೆ ಕೂಲಿ ಬರೆಯುತ್ತಾರೆ, ಅಳತೆಯನ್ನು ಮಾತ್ರ ಔದಾರ್ಯವೆಂದು ತಿಳಿಯುತ್ತಾರೆ. ಬಿಲ್ಲಿನಲ್ಲಿ 'ಅಂತರ ಪರೀಕ್ಷೆ' ಎಂದು ಪ್ರತ್ಯೇಕ ಸಾಲು ಹಾಕಿದರೆ ಗ್ರಾಹಕ ಚೌಕಾಶಿ ಮಾಡಿಯಾನು; ಆದರೆ ಪಡೆದದ್ದೇನೆಂದು ಅವನಿಗೂ ತಿಳಿಯುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಸರಕು ಮಾರಿದವರ ಜೊತೆಗೆ ಸೇವೆ ನೀಡಿದವರನ್ನೂ ಹೊಣೆಗಾರಿಕೆಯ ವ್ಯಾಪ್ತಿಗೆ ತಂದಿದೆ. ಜಿಲ್ಲಾ ಆಯೋಗದ ಮುಂದೆ "ತಿರುಗಿಸಿ ನೋಡಿದ್ದೆ" ಎಂಬ ಮಾತಿಗಿಂತ, ಗ್ರಾಹಕನ ಸಹಿಯಿರುವ ಜಾಬ್ ಕಾರ್ಡಿನಲ್ಲಿ ಬರೆದ ಎರಡು ಅಂಕಿಗಳಿಗೆ ತೂಕ ಹೆಚ್ಚು. ನನ್ನ ಕಕ್ಷಿದಾರರು ವಾದಿಸದೆ ಹಣ ಕೊಟ್ಟದ್ದು ತೋರಿಸಲು ಕಾಗದವಿಲ್ಲದ ಕಾರಣದಿಂದಲೇ.

ಬರೆದಿಡುವುದು ನಮ್ಮ ಊರಿಗೆ ಹೊಸದೇನೂ ಅಲ್ಲ. 2001ರ ಫೆಬ್ರವರಿ 28ರಂದು ಮುಚ್ಚಿದ ಚಿನ್ನದ ಗಣಿಯಲ್ಲಿ, ಆಳು ಇಳಿಸುವ ಹಗ್ಗವನ್ನು ನೋಡಿದವನು ನೋಡಿದ್ದೇನೆಂದು ಬಾಯಲ್ಲಿ ಹೇಳಿದರೆ ಸಾಲದು, ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕಿತ್ತು. ಮೂರು ಕಿಲೋಮೀಟರಿಗೂ ಆಳವಿದ್ದ ಚಾಂಪಿಯನ್ ರೀಫಿಗೆ ಇಳಿದವರ ಮಕ್ಕಳೇ ಇಂದು ನಮ್ಮಲ್ಲಿ ಲೇತ್ ನಡೆಸುತ್ತಿದ್ದಾರೆ, ಗ್ಯಾರೇಜ್ ಇಟ್ಟಿದ್ದಾರೆ. ಅವರ ಕೈಗುಣದ ಬಗ್ಗೆ ನನಗೆ ಸಂದೇಹವಿಲ್ಲ. ಸಂದೇಹ ಅವರ ಕಾಗದದ ಬಗ್ಗೆ.

ಅಂತರ ಸಾಲದೆ ಬಂದರೆ ಪಿಸ್ಟನ್ನಿನಲ್ಲಿ ಗುಳಿ ತೆಗೆಯುವುದೋ, ದಪ್ಪ ಗ್ಯಾಸ್ಕೆಟ್ ಹಾಕಿ ಕಂಪ್ರೆಶನ್ ಬಿಟ್ಟುಕೊಡುವುದೋ, ಕ್ಯಾಮನ್ನೇ ಹಿಂದಿರುಗಿಸುವುದೋ ಎಂಬುದು ಮೆಕ್ಯಾನಿಕ್ಕಿನ ವಿವೇಚನೆ. ನಾನು ಅಲ್ಲಿಗೆ ಕಾಲಿಡುವುದಿಲ್ಲ.

ನನ್ನ ಕಕ್ಷಿದಾರರು ಈಗ ಜಾಬ್ ಕಾರ್ಡನ್ನು ಹೊಸದಾಗಿ ಅಚ್ಚು ಹಾಕಿಸಿದ್ದಾರೆ. ಇನ್‌ಟೇಕಿಗೊಂದು, ಎಕ್ಸಾಸ್ಟಿಗೊಂದು ಅಂಕಣ. ಕೆಳಗೆ ಪರೀಕ್ಷಾ ಶುಲ್ಕ. ಕ್ಯಾಮ್ ತಂದ ಮೊದಲ ಮೂವರಲ್ಲಿ ಇಬ್ಬರು ಒಪ್ಪಿ ಸಹಿ ಹಾಕಿದರಂತೆ. ಮೂರನೆಯವನು ಶುಲ್ಕ ಕೇಳಿ, ಎಂಜಿನ್ನನ್ನು ಆಟೋದಲ್ಲಿ ಹಾಕಿಕೊಂಡು ಬಂಗಾರಪೇಟೆಗೆ ಹೋದನಂತೆ.