ಒಕ್ಕದ ಮಗಳು

‘ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು’ ಎಂಬ ಗಾದೆಯನ್ನು ಹಿರಿಯರು ನಗುತ್ತ ಹೇಳುವುದುಂಟು. ಕೆಲವು ಮನೆಗಳಲ್ಲಿ ಮಾತ್ರ ಅದು ನಗೆಯ ಮಾತಾಗಿ ಉಳಿಯುವುದಿಲ್ಲ. ಮಗಳ ಒಲವು ಇನ್ನೊಬ್ಬ ಹೆಣ್ಣಿನಲ್ಲಿ ನೆಲೆಸಿದೆಯೆಂದು ತಿಳಿದೊಡನೆ ಮನೆಯವರು ಮೊದಲು ಹುಡುಕುವುದು ಒಬ್ಬ ವರನನ್ನು. ಮದುವೆಯೇ ಅದಕ್ಕೆ ಮದ್ದೆಂಬುದು ಅವರ ನಂಬಿಕೆ.

ಕೊಡಗಿನಲ್ಲಿ ಈ ನಂಬಿಕೆಯ ಬೇರು ಆಳವಾಗಿದೆ. ಕೊಡವರಲ್ಲಿ ವ್ಯಕ್ತಿಗಿಂತ ಒಕ್ಕ ದೊಡ್ಡದು. ಐನ್‌ಮನೆಯೇ ಒಕ್ಕದ ಮೂಲಸ್ಥಾನ. ಮದುವೆಯ ದಿನ ಪುಟ್ಟ ಕಲ್ಲುಗಳನ್ನು ಎಣಿಸಿ ಒಪ್ಪಿಸುವ ಶಾಸ್ತ್ರದಿಂದ ಹೆಣ್ಣಿಗೆ ಗಂಡನ ಒಕ್ಕದಲ್ಲಿ ಹಕ್ಕು ದೊರೆಯುತ್ತದೆ. ಹತ್ತು ಮಕ್ಕಳನ್ನು ಹೆತ್ತ ತಾಯಿಯನ್ನು ಹಿಂದೆ ಪ್ರತ್ಯೇಕವಾದೊಂದು ಮಂಗಲವನ್ನೇ ನಡೆಸಿ ಗೌರವಿಸುತ್ತಿದ್ದರು. ವಿಧವೆಯ ಮರುಮದುವೆಗೂ ಅಡ್ಡಿಮಾಡದ ಸಮಾಜವದು. ಹೆಂಡತಿಗೂ ತಾಯಿಗೂ ಅಲ್ಲಿ ಸಲ್ಲುವ ಮರ್ಯಾದೆ ನಿಜಕ್ಕೂ ಹಿರಿದು. ಗಂಡನ್ನೇ ಬಯಸದ ಹೆಣ್ಣಿಗೆ ಸಲ್ಲುವ ಮರ್ಯಾದೆ ಯಾವುದು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತಿದಂತಿಲ್ಲ.

ಆದರೂ ಮಂಗಲವೆಂಬ ಮಾತಿನ ಅರ್ಥ ಆ ನಾಡಿನಲ್ಲಿ ಎಂದೂ ಸಂಕುಚಿತವಾಗಿರಲಿಲ್ಲ. ಅದು ಮದುವೆಯೊಂದಕ್ಕೇ ಮೀಸಲಲ್ಲವೆಂಬುದನ್ನು ಎಂ. ಎನ್. ಶ್ರೀನಿವಾಸರು ಕೊಡಗರನ್ನು ಕುರಿತು 1952ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ್ದಾರೆ. ಹುಲಿಯನ್ನು ಕೊಂದ ವೀರನಿಗೆ ‘ನರಿ ಮಂಗಲ’ ನಡೆಯುತ್ತಿತ್ತು. ಕೊಡವ ಭಾಷೆಯಲ್ಲಿ ನರಿಯೆಂದರೆ ಹುಲಿ. ಸತ್ತ ಹುಲಿಯೊಡನೆ ವೀರನನ್ನು ಮದುವಣಿಗನಂತೆ ಕೂರಿಸಿ ಬಂಧುಗಳು ಹರಸುತ್ತಿದ್ದರು. ಅದೇ ನಾಡಿನ ಮೂಲದ ಪುರುಷನೊಬ್ಬ 2020ರಲ್ಲಿ ಅಮೆರಿಕದಲ್ಲಿ ಕೊಡವ ಉಡುಪು ಧರಿಸಿ ಮತ್ತೊಬ್ಬ ಪುರುಷನನ್ನು ವರಿಸಿದಾಗ, ಪದ್ಧತಿಗೆ ಅಪಮಾನವಾಯಿತೆಂದು ಊರಿನ ಮುಖಂಡರು ಕೆರಳಿದರು. ಗಂಡಸರ ಸಂಗತಿ ಹೀಗೆ ಸುದ್ದಿಯಾದರೂ ಆಯಿತು. ಹೆಣ್ಣುಮಕ್ಕಳ ಸಂಗತಿ ಹೊಸ್ತಿಲು ದಾಟುವುದೇ ಅಪರೂಪ.

ಕಾನೂನು ತಕ್ಕಮಟ್ಟಿಗೆ ಮುಂದೆ ಬಂದಿದೆ. 1860ರ ದಂಡಸಂಹಿತೆಯ 377ನೆಯ ಕಲಮು ವಯಸ್ಕರ ಪರಸ್ಪರ ಸಮ್ಮತಿಯ ಸಂಬಂಧಕ್ಕೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯ 2018ರ ಸೆಪ್ಟೆಂಬರ್ 6ರಂದು ಸಾರಿತು. ಮಧುರೆಯಿಂದ ಚೆನ್ನೈಗೆ ಓಡಿಬಂದ ಇಬ್ಬರು ತರುಣಿಯರ ಮೊಕದ್ದಮೆಯಲ್ಲಿ, ಇಂಥ ಒಲವನ್ನು ‘ಗುಣಪಡಿಸುವ’ ಚಿಕಿತ್ಸೆಯನ್ನೇ ಮದರಾಸು ಉಚ್ಚ ನ್ಯಾಯಾಲಯ 2021ರಲ್ಲಿ ನಿಷೇಧಿಸಿತು. ಈ ವಿಷಯವನ್ನು ಅರಿಯಲು ನ್ಯಾಯಮೂರ್ತಿ ಆನಂದ್ ವೆಂಕಟೇಶರು ತಾವೇ ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿ ತಿಳಿವಳಿಕೆ ಪಡೆದದ್ದು ಸ್ಮರಣೀಯ. ಆದರೆ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥ ವಿವಾಹಕ್ಕೆ ಮನ್ನಣೆ ಕೊಡದೆ, ಅದನ್ನು ಶಾಸನಸಭೆಗಳಿಗೆ ಬಿಟ್ಟಿತು. ಆದಕಾರಣ ಉಯಿಲು ಬರೆಯದೆ ಒಬ್ಬಳು ತೀರಿಕೊಂಡರೆ, ಬಾಳನ್ನೆಲ್ಲ ಜೊತೆಯಲ್ಲಿ ಕಳೆದವಳು ಕಾನೂನಿನ ಕಣ್ಣಿಗೆ ಪರಕೀಯಳೇ ಸರಿ.

ನ್ಯಾಯಾಲಯ ತಲುಪಲಾರದ ಎಡೆಯೊಂದಿದೆ, ಅದು ತವರು. ಒತ್ತಾಯದ ಮದುವೆಯಿಂದ ಕೆಡುವುದು ಒಂದು ಹೆಣ್ಣಿನ ಬಾಳು ಮಾತ್ರವಲ್ಲ; ಏನೂ ಅರಿಯದೆ ಕೈಹಿಡಿದ ಗಂಡಿನ ಬಾಳೂ ಕೆಡುತ್ತದೆ. ಇದನ್ನು ಬಲ್ಲ ತಾಯಿತಂದೆಯರು ಸುಮ್ಮನಿರುವುದು ಮರ್ಯಾದೆಗೆ ಅಂಜಿ. ಆದರೆ ಒಕ್ಕದ ಮಗಳೆಂಬ ಸ್ಥಾನ ಆಕೆಗೆ ಬಂದದ್ದು ಹುಟ್ಟಿನಿಂದ, ವರನಿಂದಲ್ಲ. ಹುತ್ತರಿಯ ರಾತ್ರಿ ಕದಿರು ತಂದು ಐನ್‌ಮನೆಯಲ್ಲಿ ಒಕ್ಕದವರೆಲ್ಲ ಕೂಡುವಾಗ, ‘ನಿನ್ನ ಮದುವೆ ಯಾವಾಗ?’ ಎಂದು ಕೇಳದೆ ಆಕೆಗೂ, ಆಕೆಯ ಜೊತೆಗಾತಿಗೂ ಎಲೆ ಹಾಕಲು ಯಾವ ಶಾಸನವೂ ಬೇಕಾಗಿಲ್ಲ. ಮನೆಯ ಹಿರಿಯರ ಒಂದು ಮಾತು ಸಾಕು.