ತಲಿಗೆ ವಾಯರ್ ಹಚ್ಚಿದ್ರ ಮನಿ ಕಾಳಜಿ ಹೋಗ್ತದೇನು?

ಪಂಚಮಿಗೆ ತವರಮನಿಗೆ ಹೋಗಿದ್ದೆ. ಉಂಡಿ ಕಟ್ಟಲಿಕ್ಕೆ ಕೂತಾಗ ನೋಡ್ತೀನಿ, ನಮ್ಮ ವೈನಿ ಕೂದಲದಾಗ ಅಲ್ಲಲ್ಲೆ ಬೆಳ್ಳಗ ಏನೋ ಅಂಟಿಕೊಂಡದ. "ಇದೇನ್ರಿ ವೈನಿ, ಹಿಟ್ಟಿನ ಕೈ ತಲಿಗೆ ಒರಸ್ಕೊಂಡೀರೇನು?" ಅಂದೆ. "ಇಲ್ಲವಾ, ಮಷೀನಿನ ಪೇಸ್ಟು ಅದು. ಎಷ್ಟು ತೊಳದ್ರೂ ಹೋಗವಲ್ದು. ನಾ ನ್ಯೂರೋಫೀಡ್‌ಬ್ಯಾಕ್‌ಗೆ ಹೊಂಟೀನಿ" ಅಂದ್ರು.

ನಿಮ್ಮೊಳಗ ಭಾಳ ಮಂದಿಗೆ ಇದು ಗೊತ್ತಿರಲಿಕ್ಕಿಲ್ಲ, ನನಗೂ ಗೊತ್ತಿರಲಿಲ್ಲ. ನಮ್ಮ ಮಿದುಳಿನಾಗ ಸಣ್ಣ ಸಣ್ಣ ಕರೆಂಟು ಓಡತಿರ್ತದಂತ. ಜರ್ಮನಿಯ ಹಾನ್ಸ್ ಬರ್ಗರ್ ಅನ್ನೋ ಡಾಕ್ಟರು 1924ರಾಗ ಮನುಷ್ಯಾರ ತಲಿ ಮ್ಯಾಲಿಂದ ಅದನ್ನ ಹಿಡದು ಗೆರಿ ಬರಿಸಿದ್ರು. ಅದಽ ಇಇಜಿ. ಫಿಟ್ಸ್ ಬರೋರಿಗೆ ಮಾಡಸ್ತಾರಲ್ಲ, ಅದು. ಕಣ್ಣು ಮುಚ್ಚಿ ಆರಾಮ ಕೂತಾಗ ಸೆಕೆಂಡಿಗೆ 8ರಿಂದ 12 ಸಲ ಏಳೋ ಅಲೆಗೆ ಆಲ್ಫಾ ಅಂತಾರ. ಅಮೆರಿಕಾದ ಜೋ ಕಾಮಿಯಾ ಅನ್ನೋರು 1960ರ ದಶಕದಾಗ ಈ ಆಲ್ಫಾ ಹೆಚ್ಚು ಮಾಡೋದನ್ನ ಮಂದಿಗೆ ಕಲಿಸಬಹುದು ಅಂತ ತೋರಿಸಿದ್ರು. ಈಗಿನ ಸೆಂಟರ್‌ನಾಗ ತಲಿಗೆ ಪೇಸ್ಟ್ ಹಚ್ಚಿ ವಾಯರ್ ಅಂಟಸ್ತಾರ, ಮುಂದ ಟಿವಿಯಾಗ ಒಂದು ವಿಮಾನ ಹಾರಸ್ತಾರ. ಅವರಿಗೆ ಬೇಕಾದ ಅಲೆ ಬಂದ್ರ ವಿಮಾನ ಮ್ಯಾಲ ಏರ್ತದ, ಇಲ್ಲಂದ್ರ ಕೆಳಗ ಇಳೀತದ. ಹಿಂಗ ಆಡ್ತಾ ಆಡ್ತಾ ಮಿದುಳು ತಾನಽ ಶಾಂತ ಇರೋದು ಕಲೀತದ ಅನ್ನೋದು ಅವರ ಲೆಕ್ಕ.

ಒಂದು ಸಲಕ್ಕ 1,500 ರೂಪಾಯಿ, 30 ಸಲದ ಪ್ಯಾಕೇಜ್. ಅಂದ್ರ 45,000! ವೈನಿ ತಮ್ಮ ಪಿಗ್ಮಿ ಮುರದು ಕೊಟ್ಟಾರ.

ನನಗ ಸಿಟ್ಟು ಬಂತು. ಸೆಂಟರಿನವ್ರ ಮ್ಯಾಲೆ ಅರ್ಧ, ಉಳಿದ ಅರ್ಧ ನಮ್ಮ ಮ್ಯಾಲೆನ. ಯಾಕಂದ್ರ ವೈನಿ ಚಿಂತಿ ಎಲ್ಲಿಂದ ಬಂದದ ಅನ್ನೋದು ನಮ್ಮ ಮನಿಯವ್ರೆಲ್ಲಾರಿಗೂ ಗೊತ್ತದ. ನಮ್ಮವ್ವ, ಅಂದ್ರ ಅವರ ಅತ್ತಿ, ಮೂರು ವರ್ಷದಿಂದ ಹಾಸಿಗಿ ಹಿಡದಾಳ. ಅಕಿಯ ಬೆಡ್‌ಪ್ಯಾನ್, ಗುಳಗಿ, ಗಂಜಿ ಎಲ್ಲಾ ವೈನಿಯವ್ರದ. ರಾತ್ರಿ ಎರಡಕ್ಕ ಅವ್ವ ಕೂಗಿದ್ರ ಏಳೋರೂ ಅವರಽ. ಎದ್ದ ಮ್ಯಾಲೆ ಗ್ಯಾಸ್ ಬಂದ್ ಅದನೋ ಇಲ್ಲೋ ಅಂತ ನೋಡ್ತಾರ, ಬಾಗಿಲ ಚಿಲಕ ನೋಡ್ತಾರ, ಮುಂದ ನಿದ್ದಿ ಹತ್ತೂದಿಲ್ಲ, ಎದಿ ಡವಡವ ಅಂತದ. ಅಣ್ಣ ಆ ಕ್ವಾಣ್ಯಾಗ ಗೊರಕಿ ಹೊಡೀತಿರ್ತಾನ. ಮಗಳಾದ ನಾನು ಪಂಚಮಿಗೆ ಹೋಗಿ, ಅವ್ವನ ಕೈ ಹಿಡದು ಅತ್ತು, ಉಂಡಿ ಕಟ್ಟಿಸ್ಕೊಂಡು ಬರ್ತೀನಿ. ಹಿಂಗಿದ್ದಾಗ ವೈನಿ ಮಿದುಳಿಗೆ ಪಾಠ ಹೇಳಲಿಕ್ಕೆ ಹೊಂಟೀವಿ! ಪಾಠ ಬೇಕಾಗಿದ್ದು ಯಾರಿಗೆ?

ಇನ್ನೊಂದು ಕೇಳ್ರಿ. ಆ ವಿಮಾನ ಕೆಳಗ ಇಳದ್ರ ವೈನಿಗೆ ಅದರದೂ ಕಾಳಜಿ! "ನಂದು ಬರೇ ಇಳೀತದವಾ, ನನ್ನ ಮಿದುಳಽ ಸರಿ ಇಲ್ಲಂತ ಕಾಣಸ್ತದ" ಅಂದ್ರು. ನಾ ಮೊದಲು ನಕ್ಕೆ, ಆಮ್ಯಾಲೆ ಕರುಳು ಚುರ್ ಅಂತು. ಇಷ್ಟು ದಿನ ಮನಿಯವ್ರು "ನೀ ಸುಮ್ನ ಟೆನ್ಷನ್ ತಗೋತಿ" ಅಂತಿದ್ರು, ಈಗ ಮಷೀನೂ ಅದನ್ನಽ ಅನ್ನಲಿಕತ್ತದ.

"ಆದ್ರ ಆರಾಮ ಅನಸ್ತದಂತಲ್ಲಾ" ಅಂತ ನೀವು ಕೇಳಬಹುದು. ಹೌದು, ವೈನಿನೂ ಹಂಗಽ ಅಂದ್ರು. ನಾ ಅದಕ್ಕ ಬಿಡಿಸಿ ಕೇಳಿದೆ, ಅಲ್ಲೆ ಏನೇನ್ ಆಗ್ತದ ಅಂತ. ಮೆತ್ತನ ಕುರ್ಚಿ, ಫ್ಯಾನಿನ ಗಾಳಿ, ಫೋನ್ ಬಂದ್. ಒಂದು ಹುಡುಗಿ ಬಂದು "ಹೆಂಗಿದ್ದೀರಿ ಆಂಟಿ, ನಿದ್ದಿ ಬಂತೇನು?" ಅಂತ ಕೇಳ್ತಾಳ. 40 ನಿಮಿಷ ಯಾರೂ "ಚಾ ಮಾಡು" ಅನ್ನೂದಿಲ್ಲ. ಮೂರು ವರ್ಷದಾಗ ಅವರಿಗೆ ಸಿಕ್ಕ ಮೊದಲನೇ ರಜಾ ಅದು. ಆರಾಮ ಮಾಡಿದ್ದು ಕುರ್ಚಿ ಅಂತೀನಿ ನಾ, ವಾಯರ್ ಅಲ್ಲ.

ಇದು ನನ್ನ ಹಟದ ಮಾತಲ್ಲ. ನನ್ನ ಮಗಳು ಹುಡುಕಿ ಓದಿ ಹೇಳಿದ್ಲು. ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ದವ್ರು ನಿದ್ದಿ ಬರಲಾರದ ಮಂದಿ ಮ್ಯಾಲೆ ಮಾಡಿದ ಪರೀಕ್ಷಾ 2017ರಾಗ ಪ್ರಕಟ ಆಗ್ಯದ. ಅದೇ ಮಂದಿಗೆ ಒಂದಿಷ್ಟು ದಿನ ಖರೇ ನ್ಯೂರೋಫೀಡ್‌ಬ್ಯಾಕ್, ಒಂದಿಷ್ಟು ದಿನ ಬರೇ ತೋರಿಕಿದು ಕೊಟ್ರು. ಯಾವುದು ಯಾವಾಗ ಅಂತ ಅವರಿಗೆ ಹೇಳಿರಲಿಲ್ಲ. ಅಳದು ನೋಡಿದ್ರ ನಿದ್ದಿ ಎರಡರಾಗೂ ಸುಧಾರಿಸಿರಲಿಲ್ಲ. ಆದ್ರ ಎರಡರಾಗೂ ಮಂದಿ "ಆರಾಮ ಅನಸ್ತದ" ಅಂದ್ರು! ಯಾರೋ ನಮ್ಮನ್ನ ಕೂಡಿಸಿ ಲಕ್ಷ್ಯ ಕೊಟ್ರ ಸಾಕು, ಅರ್ಧ ಹಗುರ ಆಗ್ತೀವಿ.

ಹಂಗಂತ ಇದೆಲ್ಲಾ ಬರೇ ಮೋಸ ಅಂತ ನಾ ಅನ್ನೂದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಾಗೂ ತಲಿಗೆ ಪೆಟ್ಟು ಬಿದ್ದವ್ರಿಗೆ ಇದನ್ನ ಮಾಡಿ ನೋಡ್ಯಾರ. ಆದ್ರ ದೊಡ್ಡ ಆಸ್ಪತ್ರಿಯೊಳಗ ತಪಾಸ್ ಮಾಡಿ, ಬ್ಯಾರೆ ಚಿಕಿತ್ಸಾ ಜೋಡಿ ಕೊಡೋದು ಬ್ಯಾರೆ. "30 ಸಲ ಬರ್ರಿ, ಚಿಂತಿ ಬುಡದಿಂದ ಹೋಗ್ತದ" ಅಂತ ಬೋರ್ಡ್ ಹಾಕಿ ಪ್ಯಾಕೇಜ್ ಮಾರೋದು ಬ್ಯಾರೆ.

"ಗುಳಗಿ ಇಲ್ಲ, ಸೈಡ್ ಇಫೆಕ್ಟ್ ಇಲ್ಲ" ಅಂತಾರ. ಹೋದ ಪಿಗ್ಮಿ ರೊಕ್ಕ ಸೈಡ್ ಇಫೆಕ್ಟ್ ಅಲ್ಲೇನು? ಹೋದ ನಾಕು ತಿಂಗಳು? ಎದಿ ಡವಡವ, ನಿದ್ದಿಗೇಡು ಥೈರಾಯ್ಡ್ ಹೆಚ್ಚಾದ್ರೂ ಬರ್ತದ, ಮುಟ್ಟು ನಿಲ್ಲೋ ವಯಸ್ಸಿನಾಗೂ ಬರ್ತದ. ಆ ಸೆಂಟರಿನಾಗ ಒಂದು ರಕ್ತ ತಪಾಸ್ ಮಾಡಿಸ್ರಿ ಅಂತ ಸೈತ ಯಾರೂ ಹೇಳಿಲ್ಲ. 45,000 ಎಣಿಸ್ಕೊಂಡ ಮ್ಯಾಲೆ ಅಷ್ಟರ ಹೇಳಬಾರದೇನು?

ಮತ್ತ ಡಾಕ್ಟರ್ ಕಡೆ ಯಾಕ ಹೋಗಲಿಲ್ಲ ಅಂದ್ರ ವೈನಿ ದನಿ ಸಣ್ಣದು ಮಾಡಿ, "ಧಾರವಾಡಕ್ಕ ಹೋದ್ರ ಮಂದಿ ಏನಂದಾರು?" ಅಂದ್ರು. ನಮ್ಮ ಕಡೆ "ಧಾರವಾಡಕ್ಕ ಕಳಸಬೇಕು ಇವನ್ನ" ಅಂತ ನಾವಽ ಚ್ಯಾಷ್ಟಿ ಮಾಡಿ ಮಾಡಿ ಡಿಮ್ಹಾನ್ಸ್ ಬಾಗಲಾ ಹೆಣ್ಣಮಕ್ಕಳಿಗೆ ಬಂದ್ ಮಾಡೀವಿ. ಸರ್ಕಾರಿ ಆಸ್ಪತ್ರಿ ಅದು, ಕಡಿಮಿ ಖರ್ಚಿನಾಗ ಮನೋವೈದ್ಯರು ಸಿಗ್ತಾರ. ಚಿಂತಿ ಹೆಂಗ ಹುಟ್ಟತದ, ಹೆಂಗ ಬೆಳೀತದ ಅಂತ ಕೂಡಿಸ್ಕೊಂಡು ಮಾತಾಡಿ ಬಿಡಿಸೋ ಸಿಬಿಟಿ ಅನ್ನೋ ಚಿಕಿತ್ಸಾ ಅದ, ಬೇಕಾದ್ರ ಗುಳಗಿ ಅವ. ಇವು ಎರಡೂ ಪರೀಕ್ಷಾದಾಗ ಪಾಸಾದವು. ಮನಿ ಬಿಟ್ಟು ಹೋಗಲಿಕ್ಕಾಗೂದಿಲ್ಲ ಅನ್ನೋರು 14416ಕ್ಕ ಫೋನ್ ಹಚ್ರಿ. ಟೆಲಿ ಮಾನಸ್ ಅಂತ, ಸರ್ಕಾರದ್ದು. 2022ರಿಂದ ಅದ, ಪುಕ್ಕಟೆ, ಹಗಲು ರಾತ್ರಿ, ಕನ್ನಡದಾಗ ಮಾತಾಡ್ತಾರ. ರಾತ್ರಿ ಎರಡಕ್ಕ ಗ್ಯಾಸ್ ನೋಡಲಿಕ್ಕೆ ಎದ್ದಾಗ ಹಚ್ಚಿದ್ರೂ ಎತ್ತತಾರ.

ನಮ್ಮ ಮಾತಿನಾಗ ಕಾಳಜಿ ಅಂದ್ರ ಎರಡು. ಚಿಂತಿ ಮಾಡೋದೂ ಕಾಳಜಿ, ಆರೈಕಿ ಮಾಡೋದೂ ಕಾಳಜಿ. ವೈನಿ ಎಲ್ಲಾರ ಕಾಳಜಿ ಮಾಡ್ಯಾರ, ಎರಡೂ ಥರದ್ದು. ಅವರ ಕಾಳಜಿ ಯಾರು ಮಾಡೀವಿ?

ಅವತ್ತ ಅಣ್ಣನ ಮುಂದ ಕೂತು ಜಗಳಾನ ತಗದೆ. ಈಗ ವಾರದಾಗ ಮೂರು ರಾತ್ರಿ ಅವ್ವನ ಹತ್ರ ಅವನಽ ಮಲಗ್ತಾನ. ತಿಂಗಳಿಗೆ ಹತ್ತು ದಿನ ಅವ್ವ ನಮ್ಮನ್ಯಾಗ ಇರ್ತಾಳ. ಮದ್ಲನೇ ಹತ್ತು ದಿನಕ್ಕಽ ನನಗೂ ಎದಿ ಡವಡವ ಅಂತು, ಸುಳ್ಳು ಹೇಳೂದಿಲ್ಲ. ವೈನಿಗೆ ಥೈರಾಯ್ಡ್ ತಪಾಸ್ ಆಗ್ಯದ, ಡಿಮ್ಹಾನ್ಸ್‌ಗೆ ಒಮ್ಮೆ ಹೋಗಿ ಬಂದಾರ, ಜೋಡಿ ನಾನೂ ಹೋಗಿದ್ದೆ. ನಿದ್ದಿ ಇನ್ನೂ ಪೂರಾ ಬಂದಿಲ್ಲ. ಉಳಿದ 12 ಸಲದ ರೊಕ್ಕ ವಾಪಸ್ ಕೊಡೂದಿಲ್ಲ ಅಂದಾರ ಸೆಂಟರಿನವ್ರು.

"ಹಂಗಾರ ಹೋಗೇ ಬರ್ರಿ ವೈನಿ" ಅಂದೀನಿ. "ವಿಮಾನ ಏರ್ಲಿ, ಇಳೀಲಿ, ಅದರ ಕಡೆ ನೋಡಬ್ಯಾಡ್ರಿ. ಕಣ್ಣು ಮುಚ್ಚಿ ಕೂಡ್ರಿ. ಅಷ್ಟೊತ್ತನ ಚಾ ನಮ್ಮಣ್ಣ ಮಾಡ್ತಾನ."